ಕ್ರಿಸ್ಮಸ್ ಊಟಕ್ಕೆ ಸಸ್ಯಾಹಾರಿಗಳನ್ನು ಕರೆದಿದ್ದೀರಾ? ಕೇಳುವುದರಿಂದ ಬಡಿಸುವವರೆಗೆ

ಪ್ರತಿ ಜನವರಿಯಲ್ಲೂ ಪರಿಚಯದವರಿಂದ ಒಂದೇ ಮಾತು ಕೇಳುತ್ತೇನೆ. "ಅಷ್ಟೆಲ್ಲ ಮಾಡಿದೆವು. ಪಕ್ಕದ ಮನೆಯವರು ಮಾತ್ರ ಅನ್ನ, ಮೊಸರು, ಹಪ್ಪಳ ತಿಂದು ಎದ್ದುಬಿಟ್ಟರು." ಮಂಗಳೂರಿನ ಕಡೆಯ ನಮ್ಮ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ ಅಂದರೆ ಹಂದಿ ಬಾಫತ್ (ಖಾರದ ಮಾಂಸದ ಸಾರು), ಕೋಳಿ ಸುಕ್ಕ (ತೆಂಗಿನತುರಿಯ ಒಣ ಪದಾರ್ಥ), ಸಾನ್ನಾಂ (ಇಡ್ಲಿಯಂತೆ ಹಬೆಯಲ್ಲಿ ಬೇಯಿಸಿದ ಅಕ್ಕಿ ತಿಂಡಿ). ಇಷ್ಟರ ನಡುವೆ ವೆಜ್ ಅಡುಗೆಗೆ ಕೊನೆಯ ಅರ್ಧ ಗಂಟೆ ಸಿಗುತ್ತದೆ. ಉಳಿದ ಒಲೆ, ಉಳಿದ ಸೌಟು, ಉಳಿದ ಎಣ್ಣೆ.

ಒಂದು ವರ್ಷ ನಮ್ಮ ಮನೆಯಲ್ಲೇ ತಪ್ಪಾಯಿತು. ಪಕ್ಕದ ಮನೆಯ ಮಾಷ್ಟ್ರು ಊಟಕ್ಕೆ ಬಂದಿದ್ದರು. ಅನ್ನಕ್ಕೆ ನೆಂಚಿಕೊಳ್ಳಲು ಮೇಜಿನ ಮೇಲಿದ್ದ ಉಪ್ಪಿನಕಾಯಿ ಹಾಕಿಕೊಂಡರು. ಅದು ಸೀಗಡಿ ಉಪ್ಪಿನಕಾಯಿ. ಅವರು ಬಾಯಿಗಿಡುವ ಮೊದಲು ಅತ್ತೆ ನೋಡಿ ಕೂಗಿದರು. ಮಾಷ್ಟ್ರು ಬೇಸರ ತೋರಿಸಲಿಲ್ಲ. ಆದರೆ ಆಮೇಲೆ ಎಲೆಯಲ್ಲಿದ್ದ ಯಾವುದನ್ನೂ ಅವರಿಗೆ ನಂಬಿಕೆಯಿಂದ ತಿನ್ನಲಾಗಲಿಲ್ಲ. ಆ ಮುಖ ನನಗೆ ಇವತ್ತಿಗೂ ನೆನಪಿದೆ.

ಅಂದಿನಿಂದ ನಾನು ಅಡುಗೆಯ ಕ್ರಮವನ್ನೇ ತಿರುಗಿಸಿದೆ. ವೆಜ್ ಮೊದಲು, ಮಾಂಸ ಆಮೇಲೆ. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಹತ್ತು ದಿನ ಮೊದಲು ಕೇಳಿ

"ನೀವು ವೆಜ್ಜಾ?" ಎಂದು ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಒಬ್ಬರಿಗೆ ಮೊಟ್ಟೆ ಆಗುತ್ತದೆ, ಮಾಂಸ ಆಗುವುದಿಲ್ಲ. ಇನ್ನೊಬ್ಬರಿಗೆ ಬೆಳ್ಳುಳ್ಳಿಯೂ ಆಗುವುದಿಲ್ಲ. ಹಾಗಾಗಿ ಬಿಡಿಸಿ ಕೇಳಿ. ನಾನು ಫೋನಿನಲ್ಲಿ ಹೀಗೆ ಕೇಳುತ್ತೇನೆ: "ಅಕ್ಕ, ನಿಮಗೆ ಮೊಟ್ಟೆ ಹಾಕಿದ ಕೇಕ್ ಆಗ್ತದಾ? ನೀರುಳ್ಳಿ, ಬೆಳ್ಳುಳ್ಳಿ? ನಮ್ಮ ಅಡುಗೆಮನೆಯಲ್ಲಿ ಮಾಡಿದ್ದು ಆಗ್ತದಲ್ವಾ? ರಮ್ ಹಾಕಿದ್ದು ಬೇಡವಾ?" ಇಷ್ಟು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಿಜ ಹೇಳಬೇಕೆಂದರೆ ಖುಷಿಪಡುತ್ತಾರೆ.

ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಮಾಂಸ ಬೇಯಿಸುವ ಮನೆಯಲ್ಲಿ ಮಾಡಿದ ಅಡುಗೆಯನ್ನೇ ಕೆಲವರು ತಿನ್ನುವುದಿಲ್ಲ. ಅವರನ್ನು ಒತ್ತಾಯ ಮಾಡಬೇಡಿ. ಎಳನೀರು, ಹಣ್ಣು, ಸಸ್ಯಾಹಾರಿ ಅಂಗಡಿಯಿಂದ ತಂದ ಒಡೆಯದ ಸ್ವೀಟ್ ಪೊಟ್ಟಣ ಇಟ್ಟರೆ ಸಾಕು. ಅವರು ಬಂದು ಕೂತು ಮಾತಾಡಿದ್ದೇ ದೊಡ್ಡದು.

ಜೈನರಿದ್ದರೆ ಇನ್ನೂ ಸ್ವಲ್ಪ ಕೇಳಬೇಕು. ಮೂಡುಬಿದಿರೆ, ಕಾರ್ಕಳದ ಕಡೆ ನಮಗೆಲ್ಲ ಜೈನ ಸ್ನೇಹಿತರಿದ್ದಾರೆ ಅಲ್ವಾ? ಕಟ್ಟುನಿಟ್ಟಾಗಿ ಪಾಲಿಸುವವರಿಗೆ ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಆಗುವುದಿಲ್ಲ. ಜೇನುತುಪ್ಪವೂ ಬೇಡ. ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ರಾತ್ರಿ ಊಟಕ್ಕೆ ಕರೆದು ಅವರನ್ನು ಪೇಚಿಗೆ ಸಿಕ್ಕಿಸಬೇಡಿ. ಮಧ್ಯಾಹ್ನಕ್ಕೇ ಕರೆಯಿರಿ.

ಕ್ಯಾಲೆಂಡರನ್ನೂ ನೋಡಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಡಿಸೆಂಬರ್ ಮಧ್ಯದಿಂದ ಧನುರ್ಮಾಸ. ಅಯ್ಯಪ್ಪ ಮಾಲೆ ಹಾಕಿದವರ ವ್ರತವೂ ಇದೇ ಸಮಯ. ಬೇರೆ ದಿನ ಮೀನು ತಿನ್ನುವ ಸ್ನೇಹಿತ ಆ ದಿನ ಶುದ್ಧ ಸಸ್ಯಾಹಾರಿ ಆಗಿರಬಹುದು. 2023ರಲ್ಲಿ ವೈಕುಂಠ ಏಕಾದಶಿ ಡಿಸೆಂಬರ್ 23ಕ್ಕೆ ಬಂದಿತ್ತು. ಏಕಾದಶಿ ಮಾಡುವವರು ಅನ್ನವನ್ನೇ ಮುಟ್ಟುವುದಿಲ್ಲ. ಶನಿವಾರ ಮಾಂಸ ಬಿಡುವವರೂ ಬಹಳ ಇದ್ದಾರೆ. 2027ರ ಕ್ರಿಸ್ಮಸ್ ಶನಿವಾರವೇ ಬರುತ್ತದೆ. ಆ ವರ್ಷ ನಿಮ್ಮ ವೆಜ್ ಲೆಕ್ಕ ಏಕಾಏಕಿ ಜಾಸ್ತಿಯಾಗಬಹುದು.

ಹಂತ 2: ಮೆನು ಬರೆಯಿರಿ, ಪನೀರ್‌ಗೆ ಓಡಬೇಡಿ

ವೆಜ್ ಎಂದ ಕೂಡಲೇ ಹೋಟೆಲಿನಿಂದ ಪನೀರ್ ಬಟರ್ ಮಸಾಲ ತರಿಸುವ ಅಭ್ಯಾಸವಿದೆ. ನನಗೆ ಅದು ಇಷ್ಟವಿಲ್ಲ. ಅತಿಥಿ ನಮ್ಮ ಮನೆಗೆ ಬಂದಿದ್ದು ನಮ್ಮ ಹಬ್ಬದ ಊಟಕ್ಕೆ. ನಮ್ಮಲ್ಲೇ ಪೂರ್ತಿ ಸಸ್ಯಾಹಾರದ ಹಬ್ಬದೂಟ ಇದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಮಾತೆ ಮರಿಯಳ ಹುಟ್ಟುಹಬ್ಬ) ದಿನ ಹೊಸ ತೆನೆ ತಂದು, ಬೆಸ ಸಂಖ್ಯೆಯಲ್ಲಿ ತರಕಾರಿ ಪದಾರ್ಥ ಮಾಡಿ, ಮೀನು ಮಾಂಸ ಇಲ್ಲದೆ ಊಟ ಮಾಡುತ್ತೇವೆ. ಆ ಅಡುಗೆಗಳು ನಮಗೆ ಕೈಬಂದಿವೆ. ಅದನ್ನೇ ಕ್ರಿಸ್ಮಸ್ ಮೇಜಿಗೆ ತನ್ನಿ.

ಮಧ್ಯಾಹ್ನದ ಊಟಕ್ಕೆ ನಾನು ಇಡುವುದು ಇಷ್ಟು: ಸಾನ್ನಾಂ, ನೀರಿನಲ್ಲೇ ಬೇಯಿಸಿದ ತುಪ್ಪದ ಪಲಾವ್, ತೊಂಡೆಕಾಯಿ-ಕಡಲೆ ಸುಕ್ಕ, ಬೀನ್ಸ್ ಫುಗಾತ್ (ತೆಂಗಿನತುರಿ ಹಾಕಿದ ಪಲ್ಯ), ತೊಗರಿಬೇಳೆ ಸಾರು, ಮೊಸರು, ಮಾವಿನ ಉಪ್ಪಿನಕಾಯಿ, ವೊರ್ನ್. ವೊರ್ನ್ ಎಂದರೆ ಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸ. ಇದರಲ್ಲಿ ಹಾಲೂ ಇಲ್ಲ. ಮೊಸರು, ತುಪ್ಪ ಬಿಟ್ಟವರೂ ತಿನ್ನಬಹುದು.

ಒಂದು ನಿಯಮ ಇಟ್ಟುಕೊಳ್ಳಿ. ಮುಖ್ಯ ಪಲ್ಯವನ್ನು ಎಲ್ಲರಿಗಿಂತ ಕಟ್ಟುನಿಟ್ಟಿನ ಅತಿಥಿಗೆ ಸರಿಹೋಗುವಂತೆ ಮಾಡಿ. ನಾಲ್ಕು ಬಗೆಯ ವೆಜ್‌ಗೆ ನಾಲ್ಕು ಪಾತ್ರೆ ಇಟ್ಟರೆ ಅವು ಮೇಜಿನ ಮೇಲೆ ಖಂಡಿತ ಕಲಸಿಹೋಗುತ್ತವೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸುಕ್ಕವನ್ನು ಎಲ್ಲರೂ ತಿನ್ನಬಹುದು.

ಎಷ್ಟು ಮಾಡಬೇಕು? ಇಲ್ಲಿಯೇ ಹೆಚ್ಚಿನವರು ಸೋಲುತ್ತಾರೆ. ಇಪ್ಪತ್ತು ಜನರಲ್ಲಿ ಐದು ಜನ ಸಸ್ಯಾಹಾರಿಗಳು ಎಂದು ಐದು ಜನಕ್ಕೆ ಮಾಡುತ್ತಾರೆ. ಮಾಂಸ ತಿನ್ನುವ ಹದಿನೈದು ಜನರೂ ಸುಕ್ಕವನ್ನು ಒಂದೊಂದು ಸೌಟು ಹಾಕಿಕೊಳ್ಳುತ್ತಾರೆ. ಕೊನೆಗೆ ಬಂದ ಸಸ್ಯಾಹಾರಿಗೆ ಖಾಲಿ ಪಾತ್ರೆ. ನನ್ನ ಲೆಕ್ಕ ಸುಲಭ. ಸಸ್ಯಾಹಾರಿಗೆ ಪೂರ್ತಿ ಪಾಲು, ಉಳಿದವರಿಗೆ ಅರ್ಧ ಪಾಲು. ಐದು ಪೂರ್ತಿ, ಹದಿನೈದರ ಅರ್ಧ ಏಳೂವರೆ. ಒಟ್ಟು ಹದಿಮೂರು ಜನಕ್ಕೆ ಮಾಡಿ.

ಹಂತ 3: ಪಾತ್ರೆಗಳನ್ನು ಬೇರೆ ಮಾಡಿ

ಇಪ್ಪತ್ತನೇ ತಾರೀಕಿನ ಹೊತ್ತಿಗೆ ಇದು ಮುಗಿದಿರಲಿ. ಬೇಕಾಗುವುದು:

- ಒಂದು ಕುಕ್ಕರ್, ಒಂದು ಬಾಣಲೆ, ಎರಡು ಪಾತ್ರೆ
- ಮೂರು ಸೌಟು, ಒಂದು ಜಾಲರಿ ಸೌಟು
- ಒಂದು ಚಾಕು, ಒಂದು ಹಲಗೆ
- ಮಿಕ್ಸಿಯ ಒಂದು ಜಾರ್
- ಸಾನ್ನಾಂ ಬೇಯಿಸಲು ತೊಂದೂರು (ಹಬೆ ಪಾತ್ರೆ) ಅಥವಾ ಇಡ್ಲಿ ಪಾತ್ರೆ

ಸೌಟುಗಳ ಹಿಡಿಗೆ ಹಸಿರು ದಾರ ಕಟ್ಟಿ. ಕೆಲಸಕ್ಕೆ ಸಹಾಯ ಮಾಡಲು ಬಂದ ತಂಗಿಗೂ, ನಾದಿನಿಗೂ ಬಾಯಲ್ಲಿ ಹೇಳದೆಯೇ ಗೊತ್ತಾಗುತ್ತದೆ.

ಮರದ ಹಲಗೆ, ಮರದ ಸೌಟು, ಕಡೆಯುವ ಕಲ್ಲು ಎಷ್ಟು ತೊಳೆದರೂ ಮೀನಿನ ವಾಸನೆ ಬಿಡುವುದಿಲ್ಲ. ಇವು ಮೂರನ್ನು ವೆಜ್‌ಗೆ ಬಳಸಲೇಬೇಡಿ. ಮಿಕ್ಸಿ ಜಾರಿನ ರಬ್ಬರ್ ವಾಷರ್ ಬಿಚ್ಚಿ ಮೂಸಿ ನೋಡಿ. ಮೀನು ಮಸಾಲೆ ಅಲ್ಲಿಯೇ ಕೂತಿರುತ್ತದೆ. ನೀರ್ ದೋಸೆ ಮಾಡುವುದಾದರೆ ಆಮ್ಲೆಟ್ ಹೊಯ್ಯುವ ಕಾವಲಿ ಬೇಡ.

ಅತಿಥಿಗಳಿಗೆ ಬಾಳೆ ಎಲೆ ಹಾಕಿದರೆ ತಟ್ಟೆಯ ಚಿಂತೆಯೇ ಇಲ್ಲ. ಎಲ್ಲರಿಗೂ ಎಲೆಯೇ ಹಾಕಿ. ಸಸ್ಯಾಹಾರಿಗಳಿಗೆ ಮಾತ್ರ ಹಾಕಿ ಬೇರೆ ಮಾಡಿದಂತೆ ಕಾಣುವುದು ಬೇಡ.

ಹಂತ 4: ಸಾಮಾನು ತರುವಾಗ ಗುರುತು ನೋಡಿ

ಚೌಕದೊಳಗೆ ಹಸಿರು ದುಂಡು ಬೊಟ್ಟು ಇದ್ದರೆ ಸಸ್ಯಾಹಾರ. ಮಾಂಸಾಹಾರಕ್ಕೆ ಈಗ ಚೌಕದೊಳಗೆ ಕಂದು ತ್ರಿಕೋನ. ಮೊಟ್ಟೆ ಹಾಕಿದ್ದಕ್ಕೂ ಕಂದು ಗುರುತೇ ಬರುತ್ತದೆ.

ಎಚ್ಚರ ಬೇಕಾದ ವಸ್ತುಗಳು ಕೆಲವೇ. ಜೆಲ್ಲಿ, ಮಾರ್ಷ್‌ಮ್ಯಾಲೋ, ಕೆಲವು ಪುಡಿಂಗ್‌ಗಳಲ್ಲಿ ಜೆಲಟಿನ್ ಇರುತ್ತದೆ. ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬಂದದ್ದು. ಬದಲಿಗೆ ಚೈನಾ ಗ್ರಾಸ್ ತನ್ನಿ, ಅದು ಸಮುದ್ರದ ಪಾಚಿಯಿಂದ ಮಾಡಿದ್ದು. ಆಯ್ಸ್ಟರ್ ಸಾಸ್, ಫಿಶ್ ಸಾಸ್, ಚಿಕನ್ ಸೂಪ್ ಕ್ಯೂಬ್ ಅಡುಗೆಮನೆಯಲ್ಲಿ ಇದ್ದರೆ ಆ ದಿನ ಕಪಾಟಿನ ಒಳಗಿಡಿ. ಕಸ್ಟರ್ಡ್ ಪುಡಿಯಲ್ಲಿ ಮೊಟ್ಟೆ ಇದೆ ಎಂದು ಹಲವರು ಹೆದರುತ್ತಾರೆ. ಹಸಿರು ಬೊಟ್ಟಿದ್ದರೆ ಅದು ಜೋಳದ ಪಿಷ್ಟವೇ, ಹೆದರಬೇಡಿ.

ಗಲ್ಫ್‌ನಿಂದ ಬಂದವರು ತರುವ ಚಾಕಲೇಟ್ ಡಬ್ಬಿಗೆ ಈ ಗುರುತು ಇರುವುದಿಲ್ಲ. ಅದರಲ್ಲಿರುವ ಮೆತ್ತಗಿನ ಬಣ್ಣದ ಮಿಠಾಯಿಗಳಲ್ಲಿ ಜೆಲಟಿನ್ ಸಾಮಾನ್ಯ. ಡಬ್ಬಿಯ ಹಿಂದೆ ಓದಿ. ಗೊತ್ತಾಗದಿದ್ದರೆ ಸಸ್ಯಾಹಾರಿ ಮಕ್ಕಳ ಕೈಗೆ ಕೊಡಬೇಡಿ.

ಹಂತ 5: ಕುಸ್ವಾರ್ ಮತ್ತು ಕೇಕ್

ನೆರೆಮನೆಗೆ ಹೋಗುವ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ತಟ್ಟೆಯೂ ಊಟದಷ್ಟೇ ಮುಖ್ಯ. ಹಲವು ಸಸ್ಯಾಹಾರಿ ಮನೆಗಳು ನಮ್ಮ ಹಬ್ಬವನ್ನು ಮೊದಲು ನೋಡುವುದೇ ಆ ತಟ್ಟೆಯಲ್ಲಿ.

ಎಳ್ಳು, ಕೊಬ್ಬರಿ, ಸಕ್ಕರೆ ತುಂಬಿದ, ಕರ್ಜಿಕಾಯಿಯಂಥ ನೆವ್ರಿಗೆ ಸಾಮಾನ್ಯವಾಗಿ ಮೊಟ್ಟೆ ಬೇಡ. ಸಣ್ಣ ಸುರುಳಿಗಳಾಗಿ ಕರಿಯುವ ಕಿಡಿಯೊ ಹಿಟ್ಟಿಗೆ ಕೆಲವರು ಮೊಟ್ಟೆ ಹಾಕುತ್ತಾರೆ. ತೆಂಗಿನ ಹಾಲಿನಲ್ಲೇ ಕಲಸಿದರೂ ಅದು ಚೆನ್ನಾಗಿ ಬರುತ್ತದೆ. ಅಚ್ಚಿನಲ್ಲಿ ಅದ್ದಿ ಕರಿಯುವ ಕೊಕ್ಕಿಸಾಂ ಹಿಟ್ಟಿಗೆ ಮೊಟ್ಟೆ ಹಾಕುವುದೇ ರೂಢಿ. ಗೋಡಂಬಿಯ ಸಿಹಿ ಮಾರ್ಜಿಪಾನ್‌ಗೂ, ಕೇಕ್ ಮೇಲಿನ ಬಿಳಿ ಗಟ್ಟಿ ಐಸಿಂಗ್‌ಗೂ ಮೊಟ್ಟೆಯ ಬಿಳಿ ಹೋಗುತ್ತದೆ.

ಎಣ್ಣೆಯ ಕ್ರಮ ಹೀಗಿರಲಿ: ಹೊಸ ಎಣ್ಣೆಯಲ್ಲಿ ಮೊದಲು ನೆವ್ರಿ, ಆಮೇಲೆ ಮೊಟ್ಟೆ ಇಲ್ಲದ ಕಿಡಿಯೊ. ಅವನ್ನು ಡಬ್ಬಿಗೆ ಹಾಕಿ, ಮುಚ್ಚಿ, ಮೇಲೆ "ಮೊಟ್ಟೆ ಇಲ್ಲ" ಎಂದು ಚೀಟಿ ಅಂಟಿಸಿ. ಕೊನೆಗೆ ಕೊಕ್ಕಿಸಾಂ. ಕಟ್ಲೆಟ್ ಕರಿದ ಎಣ್ಣೆಯನ್ನು ಸೋಸಿ ಕುಸ್ವಾರ್‌ಗೆ ಬಳಸುವುದಂತೂ ಬೇಡವೇ ಬೇಡ.

ಮೊಟ್ಟೆ ಇಲ್ಲದ ಕೇಕ್ ಗಟ್ಟಿಯಾಗುತ್ತದೆ ಎಂದು ತುಂಬಾ ಜನ ಕೈಬಿಡುತ್ತಾರೆ. ಇದನ್ನು ಮಾಡಿ ನೋಡಿ. ಒಂದು ಕಪ್ ಗಟ್ಟಿ ಮೊಸರಿಗೆ ಮುಕ್ಕಾಲು ಕಪ್ ಸಕ್ಕರೆ ಹಾಕಿ ಕರಗಿಸಿ. ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ ಹಾಕಿ ಐದು ನಿಮಿಷ ಬಿಡಿ. ಗುಳ್ಳೆ ಬಂದ ಮೇಲೆ ಅರ್ಧ ಕಪ್ ಎಣ್ಣೆ, ಒಂದೂವರೆ ಕಪ್ ಜರಡಿ ಹಿಡಿದ ಮೈದಾ ಸೇರಿಸಿ. ಕಿತ್ತಳೆ ರಸದಲ್ಲಿ ನೆನೆಸಿ, ಬಸಿದು, ಮೈದಾ ಸವರಿದ ಒಣಹಣ್ಣು ಒಂದು ಕಪ್ ಹಾಕಿ. ಮೈದಾ ಸವರದಿದ್ದರೆ ಹಣ್ಣೆಲ್ಲ ತಳಕ್ಕೆ ಇಳಿಯುತ್ತದೆ. ಓವನ್ ಮೊದಲೇ ಬಿಸಿಯಾಗಿರಲಿ. 180 ಡಿಗ್ರಿಯಲ್ಲಿ 40ರಿಂದ 45 ನಿಮಿಷ. ಹಿಟ್ಟು ಕಲಸಿ ಫೋನಿನಲ್ಲಿ ಮಾತಾಡುತ್ತಾ ನಿಂತರೆ ಸೋಡಾದ ಶಕ್ತಿ ಹೋಗುತ್ತದೆ. ಗಟ್ಟಿ ಕೇಕ್‌ಗೆ ಹೆಚ್ಚಿನ ಸಲ ಇದೇ ಕಾರಣ.

ಹಂತ 6: ಡಿಸೆಂಬರ್ 24ರ ಕೆಲಸ

ಚರ್ಚಿನ ಪೂಜೆಗೆ ಹೊರಡುವ ಮೊದಲು ಕಡಲೆ ನೆನೆಹಾಕಿ. ಎಂಟು ಗಂಟೆಯಾದರೂ ನೆನೆಯಬೇಕು. ಮೂರು ತೆಂಗಿನಕಾಯಿ ತುರಿದು ಫ್ರಿಜ್‌ನಲ್ಲಿಡಿ. ತೊಂಡೆ, ಬೀನ್ಸ್ ಹೆಚ್ಚಿಡಿ.

ಸಾನ್ನಾಂ ಹಿಟ್ಟು ಹುಳಿ ಬರಲು ಶೇಂದಿ ಹಾಕುವುದು ಹಳೆಯ ಕ್ರಮ. ಶೇಂದಿ ಆಗದವರು ಬರುವುದಾದರೆ ಈಸ್ಟ್ ಹಾಕಿ. ಈಸ್ಟ್ ಕೂಡ ಬೇಡ ಎನ್ನುವವರಿಗೆ ನೀರ್ ದೋಸೆ ಇದೆ. ಅದಕ್ಕೆ ಅಕ್ಕಿ, ನೀರು, ಉಪ್ಪು ಬಿಟ್ಟರೆ ಏನೂ ಬೇಡ.

ಫ್ರಿಜ್‌ನಲ್ಲಿ ಮಸಾಲೆ ಹಚ್ಚಿದ ಮಾಂಸ ಕೆಳಗಿನ ಅರೆಯಲ್ಲಿ, ವೆಜ್ ಸಾಮಾನು ಮೇಲಿನ ಅರೆಯಲ್ಲಿ. ಉಲ್ಟಾ ಇಟ್ಟರೆ ಮಾಂಸದ ನೀರು ತೊಟ್ಟಿಕ್ಕಿ ತೆಂಗಿನ ತುರಿಗೆ ಬೀಳುತ್ತದೆ. ಆಮೇಲೆ ಅದನ್ನು ಎಸೆಯುವುದೊಂದೇ ದಾರಿ.

ಹಂತ 7: 25ರ ಬೆಳಿಗ್ಗೆ, ಮಾಂಸ ಹೊರಗೆ ಬರುವ ಮೊದಲು

ಆರು ಗಂಟೆಗೆ ಶುರು ಮಾಡಿದರೆ ಒಂಬತ್ತರೊಳಗೆ ವೆಜ್ ಅಡುಗೆ ಮುಗಿಯುತ್ತದೆ. ಅಲ್ಲಿಯವರೆಗೆ ಮಾಂಸದ ಡಬ್ಬಿ ಫ್ರಿಜ್‌ನಿಂದ ಹೊರಗೆ ಬರಬಾರದು. ಇದು ನಮ್ಮ ಮನೆಯ ಕಾನೂನು.

ಸುಕ್ಕ (ಹದಿಮೂರು ಜನಕ್ಕೆ): ಅರ್ಧ ಕಿಲೋ ಕಡಲೆ, ಮುಕ್ಕಾಲು ಕಿಲೋ ತೊಂಡೆಕಾಯಿ. ನೆನೆದ ಕಡಲೆಯನ್ನು ಕುಕ್ಕರಿನಲ್ಲಿ ಐದಾರು ಸೀಟಿ ಬರುವವರೆಗೆ ಬೇಯಿಸಿ. ತೊಂಡೆಕಾಯಿಯನ್ನು ಬೇರೆಯೇ ಬೇಯಿಸಿ. ಒಟ್ಟಿಗೆ ಹಾಕಿದರೆ ಅದು ಕರಗಿಹೋಗುತ್ತದೆ. ಹದಿನೈದು ಬ್ಯಾಡಗಿ ಮೆಣಸು, ಮೂರು ದೊಡ್ಡ ಚಮಚ ಕೊತ್ತಂಬರಿ, ಒಂದು ಚಮಚ ಜೀರಿಗೆ, ಕಾಲು ಚಮಚ ಮೆಂತ್ಯ ಹುರಿಯಿರಿ. ಸ್ವಲ್ಪ ಅರಸಿನ, ನಿಂಬೆ ಗಾತ್ರದ ಹುಣಸೆ ಸೇರಿಸಿ ಪುಡಿ ಮಾಡಿ. ಕೊನೆಗೆ ಒಂದು ದೊಡ್ಡ ಕಾಯಿಯ ತುರಿ ಹಾಕಿ ಎರಡು ಸುತ್ತು ಮಾತ್ರ ತಿರುಗಿಸಿ. ನುಣ್ಣಗೆ ಅರೆದರೆ ಅದು ಸುಕ್ಕ ಆಗುವುದಿಲ್ಲ, ಗಸಿ, ಅಂದರೆ ಗ್ರೇವಿ, ಆಗುತ್ತದೆ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಕೈತುಂಬ ಕರಿಬೇವಿನ ಒಗ್ಗರಣೆ ಕೊಡಿ. ಕಡಲೆ, ತೊಂಡೆ, ಮಸಾಲೆ, ಉಪ್ಪು, ಚೂರು ಬೆಲ್ಲ ಹಾಕಿ ನೀರು ಆರುವವರೆಗೆ ಮಗುಚಿ. ಬೆಳ್ಳುಳ್ಳಿ ಇಲ್ಲವೆಂದು ಯಾರಿಗೂ ಅನ್ನಿಸುವುದಿಲ್ಲ.

ಕರಾವಳಿಯವರಿಗೆ ಒಂದು ವಿಶೇಷ ಎಚ್ಚರಿಕೆ. ಬಸಳೆಗೆ, ಸೌತೆಗೆ ಒಣ ಸೀಗಡಿ ಹಾಕಿ ಹಾಕಿ ನಮ್ಮ ಕೈಗೆ ಅಭ್ಯಾಸವಾಗಿರುತ್ತದೆ. ನೆಂಟರಲ್ಲಿ ಯಾರಾದರೂ ರುಚಿಗೆಂದು ಒಂದು ಹಿಡಿ ಹಾಕಿಬಿಡಬಹುದು. ಆ ಡಬ್ಬಿಯನ್ನು ಹಿಂದಿನ ದಿನವೇ ಎತ್ತಿಡಿ.

ವೊರ್ನ್: ಮುನ್ನೂರು ಗ್ರಾಂ ಕಡಲೆಬೇಳೆಯನ್ನು ನೀರಿನಲ್ಲಿ ಬೆರಳಿಗೆ ಹಿಸುಕುವಷ್ಟು ಮೆತ್ತಗೆ ಬೇಯಿಸಿ. ಆಮೇಲೆ ಮಾತ್ರ ನಾನೂರು ಗ್ರಾಂ ಬೆಲ್ಲ ಹಾಕಿ. ಬೆಲ್ಲ ಬಿದ್ದ ಮೇಲೆ ಬೇಳೆ ಬೇಯುವುದಿಲ್ಲ. ಎರಡು ಕಾಯಿಯ ಎರಡನೇ ಹಾಲು (ಎರಡನೇ ಸಲ ಹಿಂಡಿದ ತೆಳು ಹಾಲು) ಹಾಕಿ ಕುದಿಸಿ. ಉರಿ ತೀರಾ ಸಣ್ಣ ಮಾಡಿ ಮೊದಲ ಸಲ ಹಿಂಡಿದ ಗಟ್ಟಿ ಹಾಲು ಹಾಕಿ, ಬಿಸಿಯಾದ ಕೂಡಲೇ ಇಳಿಸಿ. ಕುದಿ ಬಂದರೆ ಒಡೆಯುತ್ತದೆ. ಏಲಕ್ಕಿ ಪುಡಿ, ತುಪ್ಪದಲ್ಲಿ ಹುರಿದ ಗೋಡಂಬಿ. ತುಪ್ಪ ಬಿಟ್ಟವರಿದ್ದರೆ ಗೋಡಂಬಿಯನ್ನು ಹಾಗೇ ಹಾಕಿ.

ಪಲಾವ್‌ಗೆ ಮಾಂಸ ಬೇಯಿಸಿದ ನೀರು ಹಾಕುವ ಮನೆಗಳಿವೆ. ಎಲ್ಲರಿಗೂ ಒಂದೇ ಪಲಾವ್ ಇಡುವುದಾದರೆ ಅದು ಬರೀ ನೀರಿನದ್ದಾಗಿರಲಿ. ಸಾನ್ನಾಂ ಕೂಡ ಮೊದಲ ಸುತ್ತು ಹೊಸ ನೀರಿನ ಹಬೆಯಲ್ಲಿ ಬೇಯಲಿ.

ಹಂತ 8: ಬಡಿಸುವ ಜಾಗ

ಜನ ಒಟ್ಟಿಗೆ ಕೂರಬೇಕು, ಪಾತ್ರೆಗಳು ಬೇರೆ ಇರಬೇಕು. ಎರಡು ಮೇಜು ಇಡಿ. ಒಂದೇ ಮೇಜು ಇದ್ದರೆ ವೆಜ್ ಒಂದು ತುದಿಗೆ, ಮಾಂಸ ಇನ್ನೊಂದು ತುದಿಗೆ, ನಡುವೆ ಹಣ್ಣು, ನೀರು. ಪ್ರತಿ ಪಾತ್ರೆಗೂ ಒಂದು ಸೌಟು, ಒಂದು ಚೀಟಿ. ಸೀಗಡಿ ಉಪ್ಪಿನಕಾಯಿ ಮಾಂಸದ ತುದಿಯಲ್ಲೇ ಇರಲಿ.

ವೆಜ್ ಕಟ್ಲೆಟ್ ದುಂಡಗೆ, ಮಾಂಸದ್ದು ಉದ್ದಕ್ಕೆ ತಟ್ಟಿ. ಕರಿದ ಮೇಲೆ ಎರಡೂ ಒಂದೇ ಬಣ್ಣ. ಆಕಾರ ಬೇರೆ ಇದ್ದರೆ ಮಕ್ಕಳೂ ಗುರುತು ಹಿಡಿಯುತ್ತಾರೆ.

ಸಸ್ಯಾಹಾರಿಗಳಿಗೆ ಮೊದಲು ಬಡಿಸಿ. ಆಗ ಸೌಟು ಇನ್ನೂ ಅದಲು ಬದಲಾಗಿರುವುದಿಲ್ಲ, ಪಾತ್ರೆ ತುಂಬಿರುತ್ತದೆ. ವೆಜ್ ತುದಿಗೆ ಮನೆಯ ಒಬ್ಬರನ್ನು ನಿಲ್ಲಿಸಿ. ನಮ್ಮಲ್ಲಿ ಆ ಕೆಲಸ ಮಗಳದ್ದು. ಅವಳು ಬೇರೆ ಯಾವ ಪಾತ್ರೆಯನ್ನೂ ಮುಟ್ಟುವುದಿಲ್ಲ.

ಈ ಲಕ್ಷಣ ಕಂಡರೆ ಎಚ್ಚರಾಗಿ. ಅತಿಥಿ ಅನ್ನ, ಮೊಸರು ಮಾತ್ರ ಹಾಕಿಕೊಂಡಿದ್ದಾರೆ. ಪಾತ್ರೆಯ ಮುಂದೆ ನಿಂತು ಸೌಟು ಎತ್ತದೆ ನೋಡುತ್ತಿದ್ದಾರೆ. "ಹೊಟ್ಟೆ ತುಂಬಿದೆ" ಎಂದು ಬೇಗ ಹೇಳಿಬಿಟ್ಟರು. ಹೆಚ್ಚಿನ ಸಲ ಅದು ಸಂಕೋಚ ಅಲ್ಲ, ಅನುಮಾನ. ಹತ್ತಿರ ಹೋಗಿ ಮೆಲ್ಲಗೆ ಹೇಳಿ: "ಇದು ಬೆಳಿಗ್ಗೆ ಮೊದಲು ಮಾಡಿದ್ದು, ಪಾತ್ರೆಯೂ ಬೇರೆ. ಧೈರ್ಯವಾಗಿ ತಿನ್ನಿ."

ಹಂತ 9: ತಪ್ಪಾದರೆ

ಬಾಫತ್‌ನ ಸೌಟು ಸುಕ್ಕಕ್ಕೆ ಬಿತ್ತು ಎನ್ನಿ. ಅದನ್ನು ತೆಗೆದು ಸುಮ್ನೆ ಇದ್ದುಬಿಡಬೇಡಿ. ಆ ಪಾತ್ರೆಯನ್ನು ಮಾಂಸದ ತುದಿಗೆ ಒಯ್ಯಿರಿ, ಅತಿಥಿಗೆ ನಿಜ ಹೇಳಿ. ಇದಕ್ಕಾಗಿಯೇ ನಾನು ಪ್ರತಿ ವೆಜ್ ಪದಾರ್ಥದಲ್ಲೂ ಕಾಲು ಭಾಗವನ್ನು ಮುಚ್ಚಳದ ಡಬ್ಬಿಯಲ್ಲಿ ಒಳಗೆ ಇಟ್ಟಿರುತ್ತೇನೆ. ಯಾರಾದರೂ ತಿಳಿಯದೆ ತಿಂದುಬಿಟ್ಟಿದ್ದರೂ ಹೇಳಲೇಬೇಕು. ಮುಚ್ಚಿಟ್ಟದ್ದು ಮುಂದೆ ಗೊತ್ತಾದರೆ ಆ ಸ್ನೇಹ ಮತ್ತೆ ಮೊದಲಿನಂತೆ ಆಗುವುದು ಕಷ್ಟ.

ಹಂತ 10: ಊಟ ಮುಗಿದ ಮೇಲೆ

ಹಸಿರು ದಾರದ ಪಾತ್ರೆಗಳನ್ನು ಮೊದಲು ತೊಳೆಯಿರಿ, ಹೊಸ ಸ್ಕ್ರಬ್ಬರ್‌ನಲ್ಲಿ. ಯಾವ ಪಾತ್ರೆ ಮೊದಲು ಖಾಲಿಯಾಯಿತು, ಯಾರಿಗೆ ಏನು ಆಗುವುದಿಲ್ಲ ಎಂಬುದನ್ನು ಅಂದೇ ಬರೆದಿಡಿ. ಜನವರಿಗೆ ಎಲ್ಲ ಮರೆತುಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಡಿಸೆಂಬರ್‌ನಲ್ಲೂ ಮಧ್ಯಾಹ್ನ ಬಿಸಿಯೇ. ತೆಂಗಿನಕಾಯಿ ಹಾಕಿದ್ದನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ಉಳಿದ ಸುಕ್ಕ, ವೊರ್ನ್ ಬೇರೆ ಡಬ್ಬಿಗೆ ಹಾಕಿ ಫ್ರಿಜ್‌ನ ಮೇಲಿನ ಅರೆಯಲ್ಲಿಡಿ. ಸಸ್ಯಾಹಾರಿ ಅತಿಥಿಗೆ ಮನೆಗೆ ಕಟ್ಟಿಕೊಡುವುದಿದ್ದರೆ ಒಳಗೆ ಎತ್ತಿಟ್ಟ ಡಬ್ಬಿಯಿಂದ ಕೊಡಿ, ಮೇಜಿನ ಮೇಲಿನ ಪಾತ್ರೆಯಿಂದ ಬೇಡ. ವೊರ್ನ್ ಕೊಡುವಾಗ ಒಂದು ಮಾತು ಹೇಳಿ ಕಳಿಸಿ: ನಾಳೆ ಬಿಸಿ ಮಾಡುವಾಗ ಸಣ್ಣ ಉರಿಯಲ್ಲಿ, ಕೈಬಿಡದೆ ತಿರುವುತ್ತಾ.